ಗೆದ್ದ ನೆಲ, ಯಾರೂ ಕೇಳದ ಜನ

1876ರ ಬೇಸಿಗೆಯಲ್ಲಿ ಮಾಂಟೆನೆಗ್ರೊ ಎಂಬ ಗುಡ್ಡಗಾಡು ಸಂಸ್ಥಾನ ಒಟ್ಟೊಮನ್ ಸುಲ್ತಾನರ ಮೇಲೆ ಯುದ್ಧ ಸಾರಿತು. ಅದಕ್ಕೀಗ 150 ವರ್ಷ. ಆಗ ಆ ಸಂಸ್ಥಾನದ ಜನಸಂಖ್ಯೆ ಎರಡು ಲಕ್ಷವನ್ನು ಮೀರಿರಲಿಲ್ಲ. ಬೆಟ್ಟದ ನೆತ್ತಿಗೆ ಏರಿ ನಿಂತರೆ ಏಡ್ರಿಯಾಟಿಕ್ ಸಮುದ್ರ ಕಾಣುತ್ತಿತ್ತು, ಆದರೆ ಒಂದು ಗೇಣು ಕರಾವಳಿಯೂ ಅವರದಾಗಿರಲಿಲ್ಲ. ರಾಜಧಾನಿ ಸೆತಿನ್ಯೆ ಎಂದರೆ ಒಂದು ಮಠ, ಒಂದು ಅರಮನೆ, ಅದರ ಸುತ್ತ ಹಳ್ಳಿಯೆನ್ನಬಹುದಾದಷ್ಟು ಮನೆಗಳು. ಎದುರಿಗಿದ್ದದ್ದು ಮೂರು ಖಂಡಗಳಲ್ಲಿ ಹರಡಿದ್ದ ಸಾಮ್ರಾಜ್ಯ. ಎರಡು ವರ್ಷದ ಮೇಲೆ ಕದನ ನಿಂತು ಒಪ್ಪಂದವಾದಾಗ ಸಂಸ್ಥಾನದ ವಿಸ್ತೀರ್ಣ ಹೆಚ್ಚು ಕಡಿಮೆ ಇಮ್ಮಡಿಯಾಗಿತ್ತು. ಅದು ಸ್ವತಂತ್ರ ಎಂಬ ಮಾತಿಗೆ ಯುರೋಪಿನ ದೊಡ್ಡ ಶಕ್ತಿಗಳೆಲ್ಲ ರುಜು ಹಾಕಿದ್ದವು.

ಇಂಥ ಗೆಲುವಿನ ಕಥೆ ಓದಿದರೆ ಯಾರ ಎದೆಯಾದರೂ ಉಬ್ಬುತ್ತದೆ. ಆ ಯುದ್ಧ ನ್ಯಾಯವಾದದ್ದು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಒಂದೂವರೆ ಶತಮಾನ ಕಳೆದ ಮೇಲೆ ಹಿಂತಿರುಗಿ ನೋಡುವಾಗ ಜಮೆಯ ಜೊತೆಗೆ ಖರ್ಚಿನ ಪುಟವನ್ನೂ ತೆರೆಯಬೇಕು. ತಮ್ಮನ್ನು ಕೇಳದೆ ತಮ್ಮ ಹಣೆಬರಹ ಬರೆಯಬಾರದೆಂದು ತಲೆಮಾರುಗಟ್ಟಲೆ ಬಡಿದಾಡಿದ ಜನ ಇವರು. ಆ ಬಡಿದಾಟದ ಕೊನೆಯಲ್ಲಿ, ಯಾರೂ ಒಂದು ಮಾತು ಕೇಳದೆ ಇವರ ಕೈಗೆ ಒಪ್ಪಿಸಿದ ಬೇರೆ ಜನರ ಮೇಲೆ ಒಡೆತನ ಪಡೆದರು. ಮಾಂಟೆನೆಗ್ರೊದ ಮುಂದಿನ ಚರಿತ್ರೆಯ ಬಹಳಷ್ಟು ಸಂಕಟಗಳಿಗೆ ಬೇರು ಇಲ್ಲಿದೆ.

ಮೊದಲಿಗೆ, ಸುಲ್ತಾನರು ಇವರಿಗೆ ಮೇಲ್ದೊರೆಯಾಗಿದ್ದರೇ ಎಂಬ ಪ್ರಶ್ನೆ. ಇಸ್ತಾಂಬುಲ್‌ನ ಕಡತಗಳ ಪ್ರಕಾರ ಹೌದು. ಸೆತಿನ್ಯೆಯ ಪ್ರಕಾರ ಎಂದೂ ಇಲ್ಲ. ಎರಡೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ಸತ್ಯವಿತ್ತು. ಈ ಬೆಟ್ಟಗಳಲ್ಲಿ ಸುಲ್ತಾನರ ಅಧಿಕಾರಿ ಖಾಯಂ ಆಗಿ ಕೂತು ಆಳಿದ್ದು ಕಡಿಮೆ. ಕಂದಾಯ ಬೇಕೆಂದರೆ ಸೈನ್ಯ ಕಳಿಸಬೇಕು, ಸೈನ್ಯ ಹಿಂದೆ ಸರಿದರೆ ಕಂದಾಯವೂ ನಿಲ್ಲುತ್ತಿತ್ತು. 1697ರಿಂದ ಪೆತ್ರೊವಿಚ್ ಮನೆತನದ ಬಿಷಪ್‌ಗಳೇ ಇಲ್ಲಿನ ದೊರೆಗಳು. ಸನ್ಯಾಸಿಗಳಾದ ಅವರಿಗೆ ಮಕ್ಕಳಿಲ್ಲದ್ದರಿಂದ ಪೀಠ ಚಿಕ್ಕಪ್ಪನಿಂದ ಅಣ್ಣನ ಮಗನಿಗೆ ಹೀಗೆ ಸಾಗಿ ಬಂತು. 1852ರಲ್ಲಿ ದನಿಲೊ ಎಂಬ ತರುಣ ಬಿಷಪ್ ಪದವಿ ಬಿಟ್ಟು ಬರೀ ದೊರೆಯಾಗಿ ಉಳಿದ. ಆ ವರ್ಷವೇ ಶುರುವಾದ ಯುದ್ಧದಲ್ಲಿ ಗುಂಡಿಗೆ ಸೀಸ ಸಾಲದೆ, ಹಿಂದಿನ ದೊರೆ, ಮಹಾಕವಿ ನ್ಯೆಗೊಶ್ ಸ್ಥಾಪಿಸಿದ್ದ ಮುದ್ರಣಾಲಯದ ಅಚ್ಚುಮೊಳೆಗಳನ್ನು ಕರಗಿಸಿದರು. 1856ರಲ್ಲಿ ಪ್ಯಾರಿಸ್ ಸಮಾವೇಶದಲ್ಲಿ ಒಟ್ಟೊಮನ್ ಪ್ರತಿನಿಧಿ ಆಲಿ ಪಾಷಾ, ಮಾಂಟೆನೆಗ್ರೊ ತಮ್ಮ ಸಾಮ್ರಾಜ್ಯದ ಅವಿಭಾಜ್ಯ ಅಂಗ ಎಂದು ಹೇಳಿದರು. ಸೆತಿನ್ಯೆಯಿಂದ ಪ್ರತಿಭಟನೆ ಹೋಯಿತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ವರ್ಷದ ನಂತರ ಗ್ರಾಹೊವಾತ್ಸ್‌ನಲ್ಲಿ ದನಿಲೊನ ಅಣ್ಣ ಮಿರ್ಕೊ ಒಂದು ಒಟ್ಟೊಮನ್ ದಂಡನ್ನು ಮುರಿದ ಮೇಲೆಯೇ ಗಡಿ ಅಳೆಯಲು ಯುರೋಪಿನ ಆಯೋಗ ಬಂತು. ಆಡಿದ ಮಾತಿಗೆ ಬೆಲೆಯಿಲ್ಲ, ಹಾರಿಸಿದ ಗುಂಡಿಗೆ ಬೆಲೆಯಿದೆ ಎಂಬ ಪಾಠವನ್ನು ಈ ಜನಕ್ಕೆ ಕಲಿಸಿದ್ದು ಯುರೋಪೇ.

ಗೌರವದ ಪ್ರಶ್ನೆಯ ಕೆಳಗೆ ಹಸಿವಿನ ಪ್ರಶ್ನೆಯಿತ್ತು. ಇದನ್ನು ವೀರಗಾಥೆಗಳು ಹೇಳುವುದಿಲ್ಲ. ಹಳೆಯ ಮಾಂಟೆನೆಗ್ರೊ ಸುಣ್ಣಕಲ್ಲಿನ ನಾಡು. ಯುರೋಪಿನಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲಿ ಒಂದು ಅಲ್ಲಿದೆ. ಆದರೆ ಬಿದ್ದ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ. ಎಲ್ಲೋ ಒಂದು ತಗ್ಗಿನಲ್ಲಿ ಕೋಣೆಯಷ್ಟಗಲ ಮಣ್ಣು ಸಿಕ್ಕರೆ ಅದು ಕೊಚ್ಚಿಹೋಗದಂತೆ ಸುತ್ತ ಕಲ್ಲು ಪೇರಿಸಿ, ಒಳಗೆ ಆಲೂಗಡ್ಡೆಯನ್ನೋ ಮುಸುಕಿನ ಜೋಳವನ್ನೋ ಹಾಕುತ್ತಿದ್ದರು. ಒಂದು ಕುಟುಂಬದ ಹೊಲವೆಂದರೆ ಅಂಥ ಹಲವು ಗುಂಡಿಗಳು. ಉಳುಮೆಗೆ ಒದಗುವ ಬಯಲೆಲ್ಲ, ನಿಕ್ಷಿಚ್ ಸುತ್ತಲಿನದು, ಪೊಡ್ಗೊರಿಕಾ ಸುತ್ತಲಿನದು, ಸ್ಕಾದರ್ ಸರೋವರದ ದಡದ್ದು, ಒಟ್ಟೊಮನ್ ಕೋಟೆಗಳ ಕಾವಲಿನಲ್ಲಿತ್ತು. ಉಪ್ಪು, ಧಾನ್ಯ ತರಲು ಆಸ್ಟ್ರಿಯಾದ ಕೈಯಲ್ಲಿದ್ದ ಕೊಟೊರ್ ಸಂತೆಗೋ ಸುಲ್ತಾನರ ಸ್ಕುಟಾರಿ, ಪೊಡ್ಗೊರಿಕಾ ಸಂತೆಗಳಿಗೋ ಇಳಿಯಲೇಬೇಕು. 1874ರ ಅಕ್ಟೋಬರ್‌ನಲ್ಲಿ ಪೊಡ್ಗೊರಿಕಾದಲ್ಲಿ ಒಬ್ಬ ಸ್ಥಳೀಯ ಒಟ್ಟೊಮನ್ ಪ್ರಮುಖನ ಕೊಲೆಯಾಯಿತು. ಅದಕ್ಕೆ ಪ್ರತೀಕಾರವಾಗಿ ಸಂತೆಗೆ ಬಂದಿದ್ದ ಮಾಂಟೆನೆಗ್ರೊದವರನ್ನು ಹುಡುಕಿ ಕೊಂದರು. ಯುದ್ಧ ಅಂದೇ ಹೊತ್ತಿಕೊಳ್ಳಬೇಕಿತ್ತು. ದೊಡ್ಡ ಶಕ್ತಿಗಳು ಮಧ್ಯೆ ಬಂದು ತಡೆದವು.

ಮರುವರ್ಷ ಕಿಡಿ ಪಕ್ಕದ ಹರ್ಜೆಗೊವಿನಾದಿಂದ ಬಂತು. 1874ರಲ್ಲಿ ಅಲ್ಲಿ ಬೆಳೆ ಹೋಗಿತ್ತು. ಕಂದಾಯ ವಸೂಲಿಯ ಇಜಾರೆ ಹಿಡಿದವರು ಮಾತ್ರ ಬಿಡಲಿಲ್ಲ. ಜಮೀನ್ದಾರನ ಪಾಲು, ಸರ್ಕಾರದ ದಶಾಂಶ, ಇಜಾರೆದಾರನ ಲಾಭ ಎಲ್ಲ ತೆತ್ತ ಮೇಲೆ ಗೇಣಿದಾರನ ಮನೆಯಲ್ಲಿ ಬಿತ್ತನೆಗೂ ಕಾಳು ಉಳಿಯಲಿಲ್ಲ. 1875ರ ಜುಲೈನಲ್ಲಿ ನೆವೆಸಿನ್ಯೆಯ ರೈತರು ಎದ್ದರು. ಹೆಂಗಸರು, ಮಕ್ಕಳು, ದನಕರು ಗಡಿ ದಾಟಿ ಮಾಂಟೆನೆಗ್ರೊದೊಳಕ್ಕೆ ಬಂದರು. ತಮಗೇ ಸಾಲದ ರೊಟ್ಟಿಯನ್ನು ಇವರು ಅವರೊಂದಿಗೆ ಹಂಚಿಕೊಂಡರು. ಈ ಯುದ್ಧದ ಇಡೀ ಕಥೆಯಲ್ಲಿ ಅತ್ಯಂತ ದೊಡ್ಡ ಮನಸ್ಸಿನ ಕೆಲಸ ಇದೇ ಎಂದು ನಮಗನ್ನಿಸುತ್ತದೆ. ಅದೇ ಅಕ್ಟೋಬರ್‌ನಲ್ಲಿ ಸುಲ್ತಾನರ ಖಜಾನೆ ಸಾಲದ ಬಡ್ಡಿ ಪೂರ್ತಿ ಕಟ್ಟಲಾರೆನೆಂದು ಕೈಚೆಲ್ಲಿತು. 1876ರ ಮೇ ತಿಂಗಳಲ್ಲಿ ಸುಲ್ತಾನ್ ಅಬ್ದುಲಜೀಜ್‌ರನ್ನು ಪದಚ್ಯುತಗೊಳಿಸಿದರು. ಸೆರ್ಬಿಯಾ ಮತ್ತು ಮಾಂಟೆನೆಗ್ರೊ ಕೈಜೋಡಿಸಿ ಯುದ್ಧಕ್ಕಿಳಿದದ್ದು ಈ ಹೊತ್ತಿನಲ್ಲಿ.

ದನಿಲೊನ ಹತ್ಯೆಯ ನಂತರ 1860ರಲ್ಲಿ ಪಟ್ಟಕ್ಕೆ ಬಂದಿದ್ದವನು ಮಿರ್ಕೊನ ಮಗ ನಿಕೊಲಾ. ಪಟ್ಟವೇರಿದಾಗ ಅವನಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. 1862ರಲ್ಲಿ ಒಟ್ಟೊಮನ್ ಸೇನಾಪತಿ ಒಮರ್ ಪಾಷಾನ ಕೈಯಲ್ಲಿ ಸೋತು ಅವಮಾನದ ಷರತ್ತುಗಳಿಗೆ ಒಪ್ಪಿದ್ದ. ಆ ಸೋಲಿನಿಂದ ಪಾಠ ಕಲಿತು ಮುಂದಿನ ಹದಿನಾಲ್ಕು ವರ್ಷ ಸುಮ್ಮನೆ ಬಂದೂಕು ಕೂಡಿಸಿದ, ರಷ್ಯಾದಿಂದ ಹಣ ಪಡೆದ, ಬುಡಕಟ್ಟುಗಳ ಗುಂಪುಗಳನ್ನು ಪಟಾಲಮ್ಮುಗಳಾಗಿ ಕಟ್ಟಿದ. 1876ರ ಜುಲೈನಲ್ಲಿ ಅವನ ದಂಡು ಹರ್ಜೆಗೊವಿನಾದೊಳಗೆ ನುಗ್ಗಿ, ಹಿಂದೆ ಸರಿದು, ಬಿಲೆಚಾ ಬಳಿಯ ವುಚಿ ದೊ ಎಂಬಲ್ಲಿ ಬೆನ್ನಟ್ಟಿ ಬಂದ ಅಹ್ಮದ್ ಮುಖ್ತಾರ್ ಪಾಷಾನ ಸೈನ್ಯವನ್ನು ತಿರುಗಿ ಹೊಡೆಯಿತು. ಅದರ ನಾಯಕರಲ್ಲಿ ಸೆಲಿಮ್ ಪಾಷಾ ಸತ್ತ, ಉಸ್ಮಾನ್ ಪಾಷಾ ಸೆರೆಸಿಕ್ಕ, ಮುಖ್ತಾರ್ ಬಿಲೆಚಾಕ್ಕೆ ಓಡಿ ಪಾರಾದ. ಅಂದು ಹೊತ್ತೊಯ್ದ ಧ್ವಜ ಸೆತಿನ್ಯೆಯ ವಸ್ತುಸಂಗ್ರಹಾಲಯದಲ್ಲಿದೆ. ನಡುವೆ ಶಿಲುಬೆ, ಮೈತುಂಬ ನೂರಾರು ಗುಂಡಿನ ತೂತು. ಗುಂಡುಗಳೆಲ್ಲ ಬಟ್ಟೆಗೇ ಬಿದ್ದಿರಲಾರವು. ಹಿಡಿದವನು ಬಿದ್ದಂತೆ ಇನ್ನೊಬ್ಬ, ಅವನೂ ಬಿದ್ದರೆ ಮತ್ತೊಬ್ಬ ಅದನ್ನು ಎತ್ತಿ ಹಿಡಿದಿರಲೇಬೇಕು.

ಆಗಸ್ಟ್‌ನಲ್ಲಿ ಪೊಡ್ಗೊರಿಕಾ ಹತ್ತಿರದ ಫುಂಡಿನಾದಲ್ಲಿ ಎರಡನೆಯ ದೊಡ್ಡ ಗೆಲುವು. ಅಲ್ಲಿ ಮುಂದಾಳಾದವರಲ್ಲಿ ಒಬ್ಬ ಕುಚಿ ಬುಡಕಟ್ಟಿನ ಮಾರ್ಕೊ ಮಿಲ್ಯಾನೊವ್. ಅವನ ಮಾತು ಮುಂದೆ ಮತ್ತೆ ಬರುತ್ತದೆ.

ಈ ಸೈನ್ಯಕ್ಕೆ ಸರಬರಾಜು ಇಲಾಖೆ ಎಂಬುದೇ ಇರಲಿಲ್ಲ. ಮದ್ದು, ಗುಂಡು, ರೊಟ್ಟಿ, ಒಣಮಾಂಸ ಎಲ್ಲವೂ ಹೆಂಗಸರ ಬೆನ್ನ ಮೇಲೆ ಬೆಟ್ಟ ಏರುತ್ತಿತ್ತು. ಗಾಯಾಳುಗಳೂ ಅದೇ ಬೆನ್ನ ಮೇಲೆ ಇಳಿಯುತ್ತಿದ್ದರು. ಅಲ್ಲಿಗೆ ಹೋಗಿದ್ದ ಪಾಶ್ಚಾತ್ಯ ವರದಿಗಾರರು ಈ ಸಾಲುಗಳನ್ನು ಕಂಡು ಬರೆದಿದ್ದಾರೆ. ಪದಕ ಪಡೆದವರ ಪಟ್ಟಿಯಲ್ಲಿ ಅವರ ಹೆಸರು ಹುಡುಕಿದರೆ ಸಿಗುವುದು ಅಪರೂಪ. 150ನೇ ವರ್ಷದಲ್ಲಾದರೂ ಆ ಬಾಕಿ ತೀರಬೇಕು.

ಇನ್ನು ದಂತಕಥೆಯನ್ನು ತಿದ್ದಬೇಕಾದ ಜಾಗ. ಬೆಟ್ಟದ ಜನ ಒಂಟಿಯಾಗಿ ಸಾಮ್ರಾಜ್ಯವನ್ನು ಮಣಿಸಿದರು ಎಂಬುದು ಪೂರ್ತಿ ನಿಜವಲ್ಲ. ಮೊದಲ ವರ್ಷ ಒಟ್ಟೊಮನ್ ಸೇನೆಯ ದೊಡ್ಡ ಭಾಗ ಸೆರ್ಬಿಯಾದ ಕಡೆ ಸಿಕ್ಕಿಬಿದ್ದಿತ್ತು. ಆಸ್ಟ್ರಿಯಾ ತನ್ನ ಲೆಕ್ಕಾಚಾರಕ್ಕಾಗಿ ಕ್ಲೆಕ್ ಬಂದರನ್ನು ಮುಚ್ಚಿ, ಹರ್ಜೆಗೊವಿನಾಕ್ಕೆ ಸಮುದ್ರದಿಂದ ಒಟ್ಟೊಮನ್ ಸಹಾಯ ಬರದಂತೆ ಮಾಡಿತು. ಸೆರ್ಬಿಯಾ ಅಕ್ಟೋಬರ್‌ನಲ್ಲಿ ಜೂನಿಸ್‌ನಲ್ಲಿ ನೆಲಕಚ್ಚಿದಾಗ ಯುದ್ಧ ನಿಲ್ಲಿಸಿದ್ದು ರಷ್ಯಾದ ಗಡುವು. 1877ರ ಜೂನ್‌ನಲ್ಲಂತೂ ಮಾಂಟೆನೆಗ್ರೊ ಹೆಚ್ಚು ಕಡಿಮೆ ಮುಗಿದೇ ಹೋಗಿತ್ತು. ಸುಲೇಮಾನ್ ಪಾಷಾ ಉತ್ತರದ ದುಗಾ ಕಣಿವೆಯಿಂದ ಇಳಿದು, ಒಸ್ತ್ರೊಗ್ ಮಠದ ಬುಡದಲ್ಲಿ ಹಾದು, ಸಂಸ್ಥಾನವನ್ನು ನಡುವೆ ಸೀಳಿಕೊಂಡು ದಕ್ಷಿಣದ ಸ್ಪುಜ್ ಕೋಟೆಯವರೆಗೂ ಬಂದ. ಒಂಬತ್ತು ದಿನ ಹಗಲಿರುಳು ಕಾದಾಟ. ಹೆಜ್ಜೆ ಹೆಜ್ಜೆಗೂ ಅವನ ಸೈನಿಕರು ಬಿದ್ದರು, ಆದರೆ ಅವನು ದಾಟಿದ. ಮುಂದಿನ ಗುರಿ ಸೆತಿನ್ಯೆ. ಅಷ್ಟರಲ್ಲಿ ಸುಲ್ತಾನರ ಮೇಲೆ ತಾನೂ ಯುದ್ಧಕ್ಕಿಳಿದಿದ್ದ ರಷ್ಯಾದ ಸೈನ್ಯ ಡ್ಯಾನ್ಯೂಬ್ ದಾಟಿತು, ಸುಲೇಮಾನನಿಗೆ ಕರೆ ಬಂತು. ಅವನು ಹಡಗು ಹತ್ತಿ ಬಲ್ಗೇರಿಯಾಕ್ಕೆ ಹೋಗಿ, ಉಳಿದ ಸೈನ್ಯವನ್ನು ಶಿಪ್ಕಾ ಕಣಿವೆಯಲ್ಲಿ ಸವೆಸಿದ. ನಿಕೊಲಾ ಎದುರಿಗೆ ಬಯಲು ಖಾಲಿಯಾಯಿತು. ಸೆಪ್ಟೆಂಬರ್ 8ರಂದು ನಿಕ್ಷಿಚ್ ಬಿತ್ತು. 1878ರ ಜನವರಿಯಲ್ಲಿ ಬಾರ್, ಅದರ ಹಿಂದೆಯೇ ಉಲ್ಸಿನ್. ಬೆಟ್ಟದ ಜನ ಕೊನೆಗೂ ಸಮುದ್ರಕ್ಕೆ ಇಳಿದರು. ಆ ಒಂಬತ್ತು ದಿನ ಅವರು ತಾಳಿಕೊಳ್ಳದಿದ್ದರೆ ಈ ಯಾವುದೂ ಇಲ್ಲ ಎಂಬುದು ಖರೆ. ಡ್ಯಾನ್ಯೂಬ್ ದಾಟುವವರು ಇಲ್ಲದಿದ್ದರೂ ಇದು ಯಾವುದೂ ಇಲ್ಲ.

ದೂರದಲ್ಲಿ ಕೂತು ನೋಡಿದವರಿಗೆ ಈ ಯುದ್ಧ ಬೇರೆಯೇ ಬಣ್ಣದಲ್ಲಿ ಕಂಡಿತು. 1877ರಲ್ಲಿ ಲಂಡನ್ನಿನ ಒಂದೇ ಮಾಸಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಕವಿ ಟೆನಿಸನ್ ಮಾಂಟೆನೆಗ್ರೊ ಮೇಲೆ ಸುನೀತ ಬರೆದರು, ರಾಜಕಾರಣಿ ಗ್ಲಾಡ್‌ಸ್ಟನ್ ಲೇಖನ ಬರೆದರು. ಸ್ವಾತಂತ್ರ್ಯಪ್ರಿಯ ಕ್ರೈಸ್ತ ವೀರರ ನಾಡೆಂಬ ಚಿತ್ರ ಇಂಗ್ಲಿಷ್ ಓದುಗರ ಮನಸ್ಸಿನಲ್ಲಿ ನಿಂತುಹೋಯಿತು. ಆದರೆ ಸೆತಿನ್ಯೆ ಮಠದ ಮೇಲಿನ ಗೋಪುರದಲ್ಲಿ ಕಡಿದ ತುರ್ಕರ ತಲೆಗಳನ್ನು ಸಾಲಾಗಿ ಇಡುವ ವಾಡಿಕೆ ಆ ಶತಮಾನದ ಮಧ್ಯದವರೆಗೂ ಇತ್ತು. ಎದುರು ಪಕ್ಷವೂ ಅದನ್ನೇ ಮಾಡುತ್ತಿತ್ತು. 1840ರ ದಶಕದಲ್ಲಿ ಗಾರ್ಡನರ್ ವಿಲ್ಕಿನ್ಸನ್ ಎಂಬ ಆಂಗ್ಲ ವಿದ್ವಾಂಸ ಎರಡೂ ಕಡೆಗೆ ಓಡಾಡಿ ಇದನ್ನು ನಿಲ್ಲಿಸಲು ಬೇಡಿಕೊಂಡಿದ್ದ. ಸುನೀತದ ಚಿತ್ರದಲ್ಲಿ ಇದಕ್ಕೆ ಜಾಗವಿಲ್ಲ. ವೀರರನ್ನು ದೇವರಾಗಿಸುವುದರಿಂದ ಅವರಿಗೆ ಉಪಕಾರವಾಗದು. ಅವರ ಕೈಯಲ್ಲಿ ನೊಂದವರ ಬಾಯಿ ಮಾತ್ರ ಅದರಿಂದ ಮುಚ್ಚುತ್ತದೆ.

ಗೆದ್ದದ್ದನ್ನು ಹಂಚುವ ಕೆಲಸ ಬೇರೆಡೆ, ಯುದ್ಧ ಕಾವೇರುವ ಮೊದಲೇ ಶುರುವಾಗಿತ್ತು. ಸೆರ್ಬಿಯಾದ ಮೊದಲ ಗುಂಡು ಹಾರಿ ಹತ್ತು ದಿನವೂ ಆಗಿರಲಿಲ್ಲ. 1876ರ ಜುಲೈ 8ರಂದು ಬೊಹೆಮಿಯಾದ ರೈಕ್‌ಸ್ಟಾಟ್ ಅರಮನೆಯಲ್ಲಿ ಆಸ್ಟ್ರಿಯಾ ಮತ್ತು ರಷ್ಯಾದ ಚಕ್ರವರ್ತಿಗಳು ತಮ್ಮ ಮಂತ್ರಿಗಳೊಡನೆ ಕೂತು, ತುರ್ಕರು ಸೋತರೆ ಯಾರಿಗೆ ಯಾವ ತುಂಡು ಎಂದು ಮಾತಾಡಿಕೊಂಡರು. 1878ರ ಮಾರ್ಚ್‌ನ ಸಾನ್ ಸ್ಟೆಫಾನೊ ಒಪ್ಪಂದದಲ್ಲಿ ರಷ್ಯಾ ಮಾಂಟೆನೆಗ್ರೊವನ್ನು ಮೂರು ಪಟ್ಟು ಹಿಗ್ಗಿಸಿತು. ಜೂನ್‌ನಲ್ಲಿ ಬರ್ಲಿನ್ನಿನಲ್ಲಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಅಧ್ಯಕ್ಷತೆಯಲ್ಲಿ ಸೇರಿದ ಶಕ್ತಿಗಳು ಅದನ್ನು ಕತ್ತರಿಸಿದವು. ಈ ನಡುವೆ ರಷ್ಯಾವನ್ನು ಹೆದರಿಸಲು ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿ ಭಾರತದಿಂದ ಸುಮಾರು 7,000 ಸೈನಿಕರನ್ನು ಮಾಲ್ಟಾ ದ್ವೀಪಕ್ಕೆ ಹಡಗಿನಲ್ಲಿ ತರಿಸಿದರು. ನಮ್ಮ ಮೈಸೂರು ಸೀಮೆ ಧಾತು-ಈಶ್ವರ ಸಂವತ್ಸರಗಳ ಬರದ ಹೊಡೆತದಿಂದ ಇನ್ನೂ ಎದ್ದಿರದ ಹೊತ್ತು ಅದು. ಬಾಲ್ಕನ್ ಗಡಿಯ ಚೌಕಾಸಿಯಲ್ಲಿ ಇಲ್ಲಿನ ಸಿಪಾಯಿಯೂ ಒಂದು ಕಾಯಾದ.

ಬರ್ಲಿನ್ ಒಪ್ಪಂದದ 26ನೇ ವಿಧಿ ಮಾಂಟೆನೆಗ್ರೊದ ಸ್ವಾತಂತ್ರ್ಯವನ್ನು ಒಪ್ಪಿತು. ನಿಕ್ಷಿಚ್, ಪೊಡ್ಗೊರಿಕಾ, ಕೊಲಾಶಿನ್, ಬಾರ್ ದಕ್ಕಿದವು. ಬಯಲು ಸಿಕ್ಕಿತು, ಹೊಟ್ಟೆಗೆ ದಾರಿಯಾಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ 29ನೇ ವಿಧಿ ಓದಿದರೆ ಸಿಟ್ಟು ಬರುತ್ತದೆ. ಉಲ್ಸಿನ್ ಮತ್ತೆ ಸುಲ್ತಾನರಿಗೆ. ಸ್ಪಿಚ್ ಎಂಬ ಕರಾವಳಿ ತುಣುಕು ಆಸ್ಟ್ರಿಯಾಕ್ಕೆ. ಮಾಂಟೆನೆಗ್ರೊ ಯುದ್ಧನೌಕೆ ಇಟ್ಟುಕೊಳ್ಳುವಂತಿಲ್ಲ. ಬಾರ್ ಬಂದರಿಗೆ ಯಾವ ದೇಶದ ಯುದ್ಧನೌಕೆಯೂ ಬರುವಂತಿಲ್ಲ. ಕರಾವಳಿಯ ಪೊಲೀಸ್ ಕಾವಲು ಆಸ್ಟ್ರಿಯಾದ್ದು. ಇಸ್ತಾಂಬುಲ್ಲಿನ ಮೇಲ್ದೊರೆಯನ್ನು ಕಳೆದುಕೊಂಡ ದಿನವೇ ವಿಯೆನ್ನಾದ ಕಾವಲುಗಾರ ಬಾಗಿಲಲ್ಲಿ ನಿಂತ. ಯಾರ ಕೂಗಿಗೆ ಓಗೊಟ್ಟು ಯುದ್ಧ ಶುರುವಾಯಿತೋ ಆ ಹರ್ಜೆಗೊವಿನಾವನ್ನು ಬೋಸ್ನಿಯಾದ ಜೊತೆ ಆಸ್ಟ್ರಿಯಾದ ಆಡಳಿತಕ್ಕೆ ಒಪ್ಪಿಸಲಾಯಿತು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅಲ್ಲಿಯ ರೈತರು ಕಡ್ಡಾಯ ಸೈನ್ಯಸೇವೆಯ ವಿರುದ್ಧ ಹೊಸ ಒಡೆಯನ ಮೇಲೂ ದಂಗೆ ಎದ್ದರು.

ಖರ್ಚಿನ ಪುಟದ ದೊಡ್ಡ ಬಾಬತ್ತು ಇನ್ನು ಮುಂದಿದೆ. ನಿಕ್ಷಿಚ್‌ನಲ್ಲಿ, ಕೊಲಾಶಿನ್‌ನಲ್ಲಿ, ಸ್ಪುಜ್‌ನಲ್ಲಿ ತಲೆಮಾರುಗಳಿಂದ ಬಾಳಿದ್ದ ಮುಸ್ಲಿಮರು ಇದ್ದರು. ಅವರಲ್ಲಿ ಬಹಳ ಮಂದಿ ಸ್ಲಾವ್ ಭಾಷೆಯನ್ನೇ ಆಡುತ್ತಿದ್ದವರು, ಬೆಟ್ಟದವರ ಹಾಡುಗಳನ್ನೇ ಹಾಡುತ್ತಿದ್ದವರು. ಊರು ಬಿಡುವವರು ತಮ್ಮ ಆಸ್ತಿಯನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟು ಉಳಿಸಿಕೊಳ್ಳಬಹುದೆಂದು ಬರ್ಲಿನ್ನಿನ 30ನೇ ವಿಧಿ ಹೇಳಿತು. ಕಾಗದದ ಮೇಲೆ ಒಳ್ಳೆಯ ಮಾತು. ನಡೆದದ್ದೇ ಬೇರೆ. ಕುಟುಂಬಗಳು ಗಾಡಿ, ಕುದುರೆ ಕಟ್ಟಿಕೊಂಡು ಸ್ಕುಟಾರಿಗೆ, ನೊವಿ ಪಜಾರ್‌ಗೆ, ಸರಾಯೆವೊಗೆ ಹೊರಟುಹೋದವು. ಕೆಲವು ವರ್ಷಗಳಲ್ಲಿ ನಿಕ್ಷಿಚ್‌ನ ಮುಸ್ಲಿಮರಲ್ಲಿ ಬಹುಪಾಲು ಜನ ಊರು ಬಿಟ್ಟರು. 1883ರಲ್ಲಿ ಎಂಜಿನಿಯರ್ ಯೊಸಿಪ್ ಸ್ಲಾದೆ ಅಲ್ಲಿಗೆ ಹೊಸ ನಕ್ಷೆ ಬರೆದು, ಚೌಕದಿಂದ ಕಿರಣಗಳಂತೆ ಹೊರಡುವ ಬೀದಿಗಳನ್ನು ಹಾಕಿದ. ಸುಂದರವಾದ ನಕ್ಷೆ ಅದು. ಹೊರಟುಹೋದವರ ಮನೆಗಳಿಗೆ ಅದರಲ್ಲಿ ಗುರುತಿಲ್ಲ.

ಪೂರ್ವದ ಪ್ಲಾವ್ ಮತ್ತು ಗುಸಿನ್ಯೆ ಊರುಗಳದು ಇನ್ನೂ ಕಠಿಣ ಪ್ರಕರಣ. ಬರ್ಲಿನ್ ಇವೆರಡನ್ನೂ ಮಾಂಟೆನೆಗ್ರೊಗೆ ಬರೆದುಕೊಟ್ಟಿತು. ಅಲ್ಲಿನ ಜನ, ಹೆಚ್ಚಿನವರು ಮುಸ್ಲಿಮರು, ಅವರಲ್ಲಿ ಅನೇಕರು ಅಲ್ಬೇನಿಯನ್ನರು, ಒಪ್ಪಲಿಲ್ಲ. 1878ರ ಜೂನ್ 10ರಂದು ಪ್ರಿಜ್ರೆನ್‌ನಲ್ಲಿ ಅಲ್ಬೇನಿಯನ್ ಮುಖಂಡರು ಕೂಟ ಕಟ್ಟಿಕೊಂಡು, ನಮ್ಮ ನೆಲವನ್ನು ನಮ್ಮನ್ನು ಕೇಳದೆ ಹಂಚಬೇಡಿ ಎಂದು ಪಟ್ಟು ಹಿಡಿದರು. 1856ರಲ್ಲಿ ಸೆತಿನ್ಯೆ ಪ್ಯಾರಿಸ್ಸಿಗೆ ಹೇಳಿದ್ದೂ ಇದನ್ನೇ ಅಲ್ಲವೇ? 1879ರ ಡಿಸೆಂಬರ್‌ನಲ್ಲಿ ನೊವ್‌ಶಿಚೆಯಲ್ಲಿ ಗುಸಿನ್ಯೆಯ ಅಲಿ ಪಾಷಾನ ಜನ ಮಾಂಟೆನೆಗ್ರೊ ಪಡೆಯನ್ನು ತಡೆದರು. ಆ ಪಡೆಯ ನಾಯಕ ಅದೇ ಮಾರ್ಕೊ ಮಿಲ್ಯಾನೊವ್. ಮೂರು ವರ್ಷದ ಹಿಂದೆ ಫುಂಡಿನಾದಲ್ಲಿ ತನ್ನ ಊರು ಉಳಿಸಲು ಕಾದಿದವನು, ಈಗ ಇನ್ನೊಬ್ಬರ ಊರು ಹಿಡಿಯಲು ಕಾದುತ್ತಿದ್ದ.

ಕೊನೆಗೆ ದೊಡ್ಡ ಶಕ್ತಿಗಳು ಪ್ಲಾವ್, ಗುಸಿನ್ಯೆ ಬದಲು ಉಲ್ಸಿನ್ ತೆಗೆದುಕೊಳ್ಳಿ ಎಂದವು. ಅಲ್ಲೂ ಅಲ್ಬೇನಿಯನ್ನರು ಬಗ್ಗಲಿಲ್ಲ. 1880ರ ಸೆಪ್ಟೆಂಬರ್‌ನಿಂದ ಆರು ಶಕ್ತಿಗಳ ಯುದ್ಧನೌಕೆಗಳು ಆ ಕರಾವಳಿಯಲ್ಲಿ ಸೇರಿದವು. ಸ್ಮಿರ್ನಾ ಸುಂಕದಕಟ್ಟೆಯನ್ನೇ ವಶಪಡಿಸಿಕೊಳ್ಳುವುದಾಗಿ, ಅಷ್ಟರಲ್ಲಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ನರ ಸರ್ಕಾರ ಬೆದರಿಸಿದ ಮೇಲೆ ಸುಲ್ತಾನರು ಮಣಿದರು. ಅವರ ಸೇನಾನಿ ದರ್ವಿಷ್ ಪಾಷಾ ಅಲ್ಬೇನಿಯನ್ನರ ಮೇಲೆಯೇ ಗುಂಡು ಹಾರಿಸಿ ಪಟ್ಟಣ ಹಿಡಿದು, ನವೆಂಬರ್‌ನಲ್ಲಿ ಮಾಂಟೆನೆಗ್ರೊಗೆ ಒಪ್ಪಿಸಿದ. ಒಂದು ಊರನ್ನು ಅದರ ಜನರಿಂದ ಕಿತ್ತುಕೊಡಲು ಒಬ್ಬ ಪಾಷಾ, ಆರು ನೌಕಾಪಡೆ, ಒಬ್ಬ ಉದಾರವಾದಿ ಪ್ರಧಾನಿ ಬೇಕಾದರು.

ಮಿಲ್ಯಾನೊವ್ ಆನಂತರ ನಿಕೊಲಾನೊಡನೆ ಮನಸ್ತಾಪವಾಗಿ ಅಧಿಕಾರ ಬಿಟ್ಟು ತನ್ನ ಹಳ್ಳಿ ಮೆದುನ್‌ಗೆ ಹೋದ. ಅಕ್ಷರ ಬಾರದ ಆತ ಐವತ್ತರ ಆಸುಪಾಸಿನಲ್ಲಿ ಓದು ಬರಹ ಕಲಿತು ಬರೆಯತೊಡಗಿದ. ತೀರಿಕೊಂಡ ಮೇಲೆ 1901ರಲ್ಲಿ ಪ್ರಕಟವಾದ ಅವನ ಪುಸ್ತಕ ಮನುಷ್ಯತ್ವ ಮತ್ತು ಶೌರ್ಯದ ನಿದರ್ಶನಗಳ ಸಂಗ್ರಹ. ಮನುಷ್ಯತ್ವವನ್ನು ಅವನು ಶೌರ್ಯಕ್ಕಿಂತ ಒಂದು ಮೆಟ್ಟಿಲು ಮೇಲಿಟ್ಟ. ಅಲ್ಬೇನಿಯನ್ನರ ಬದುಕು, ನಡವಳಿಕೆಗಳ ಮೇಲೂ ಒಂದು ಪುಸ್ತಕ ಬರೆದ. ತನ್ನನ್ನು ನೊವ್‌ಶಿಚೆಯಲ್ಲಿ ಸೋಲಿಸಿದವರ ಕುರಿತು ಅಷ್ಟು ಗೌರವದಿಂದ ಬರೆದ ಇನ್ನೊಬ್ಬ ಸೇನಾನಿಯನ್ನು ನಾವು ಕಂಡಿಲ್ಲ. ಈ ಯುದ್ಧದಿಂದ ಮಾಂಟೆನೆಗ್ರೊ ಉಳಿಸಿಕೊಳ್ಳಬೇಕಾದ ಒಬ್ಬನೇ ವ್ಯಕ್ತಿ ಯಾರೆಂದರೆ ಅವನೇ.

ರಾಜ್ಯ ಅವನ ದಾರಿ ಹಿಡಿಯಲಿಲ್ಲ. ನಿಕೊಲಾ ಹೆಣ್ಣುಮಕ್ಕಳನ್ನು ಇಟಲಿ, ರಷ್ಯಾ, ಸೆರ್ಬಿಯಾದ ರಾಜಮನೆತನಗಳಿಗೆ ಕೊಟ್ಟ, 1910ರಲ್ಲಿ ತಾನೇ ರಾಜನೆಂದು ಘೋಷಿಸಿಕೊಂಡ. 1912ರ ಅಕ್ಟೋಬರ್ 8ರಂದು ಬಾಲ್ಕನ್ ಯುದ್ಧಕ್ಕೆ ಎಲ್ಲರಿಗಿಂತ ಮೊದಲು ಇಳಿದ. ಪ್ಲಾವ್, ಗುಸಿನ್ಯೆ ಈ ಬಾರಿ ಬಿದ್ದವು. 1913ರ ವಸಂತದಲ್ಲಿ ಅಲ್ಲಿನ ಮುಸ್ಲಿಮರನ್ನು ಬಲವಂತವಾಗಿ ಮತಾಂತರಿಸಿದರು, ಒಪ್ಪದ ನೂರಾರು ಜನರನ್ನು ಗುಂಡಿಕ್ಕಿ ಕೊಂದರು. ವುಚಿ ದೊದ ಧ್ವಜವನ್ನು ನೋಡುವ ಕಣ್ಣು ಇದನ್ನೂ ನೋಡಬೇಕು. ಐದು ವರ್ಷದ ಮೇಲೆ, 1918ರ ನವೆಂಬರ್‌ನಲ್ಲಿ, ಪೊಡ್ಗೊರಿಕಾದಲ್ಲಿ ಸೇರಿದ ಸಭೆಯೊಂದು ನಿಕೊಲಾನನ್ನು ಪಟ್ಟದಿಂದಿಳಿಸಿ ದೇಶವನ್ನು ಸೆರ್ಬಿಯಾದೊಳಗೆ ಸೇರಿಸಿತು. 1878ರಲ್ಲಿ ಗಳಿಸಿದ ಸ್ವಾತಂತ್ರ್ಯ ಮುಂದಿನ 88 ವರ್ಷ ಇರಲಿಲ್ಲ. ನಿಕೊಲಾ 1921ರಲ್ಲಿ ಫ್ರಾನ್ಸ್‌ನ ಆಂಟಿಬ್‌ನಲ್ಲಿ ತೀರಿಕೊಂಡ.

ಬರ್ಲಿನ್ ಒಪ್ಪಂದಕ್ಕೆ ರುಜು ಬಿದ್ದ ಜುಲೈ 13 ಇಂದು ಮಾಂಟೆನೆಗ್ರೊದ ರಾಜ್ಯೋತ್ಸವದ ದಿನ. ಆದರೆ ಇಂದಿನ ರಾಜ್ಯ ಹುಟ್ಟಿದ್ದು 2006ರ ಮೇ 21ರ ಜನಮತಗಣನೆಯಿಂದ. ಸ್ವಾತಂತ್ರ್ಯಕ್ಕೆ ನೂರಕ್ಕೆ 55 ಮತ ಬೀಳಲೇಬೇಕೆಂದು ಯುರೋಪಿಯನ್ ಒಕ್ಕೂಟ ಗೆರೆ ಎಳೆದಿತ್ತು. ಬಿದ್ದದ್ದು 55.5. ಗೆರೆಗಿಂತ ಮೇಲಿದ್ದ ಅಂತರ ಕೆಲವೇ ಸಾವಿರ ಮತ. ಪ್ರಿಜ್ರೆನ್‌ನವರು ಕೇಳಿ ಎಂದಿದ್ದನ್ನು ಆ ದಿನ ಕೊನೆಗೂ ಕೇಳಲಾಯಿತು. ಉಲ್ಸಿನ್‌ನಲ್ಲಿ ನೂರಕ್ಕೆ 88 ಮಂದಿ ಹೌದು ಎಂದರು. ಗುಸಿನ್ಯೆಯನ್ನೂ ಒಳಗೊಂಡಿದ್ದ ಅಂದಿನ ಪ್ಲಾವ್‌ನಲ್ಲಿ ಸುಮಾರು 79. ಇವೆರಡು ಊರುಗಳ ಮತ ತೆಗೆದುಹಾಕಿದರೆ ಆ ಗೆರೆ ದಾಟಲು ಮಾಂಟೆನೆಗ್ರೊಗೆ ಆಗುತ್ತಿರಲಿಲ್ಲ.